ಒಂದೇ ಅಚ್ಚು, ಎರಡು ಕಡೆ ಬಳಕೆ: ಎಪಿಐಗೂ ಡೇಟಾಬೇಸ್‌ಗೂ ಹೊಂದುವ ಡೇಟಾ ರಚನೆ ಮಾಡುವುದು ಹೇಗೆ

ಹಳ್ಳಿಯೊಂದರ ಹಾಲಿನ ಡೈರಿಗೆ ನಾವು ಮೂವರು ಸೇರಿ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಮೊಬೈಲ್ ಆಪ್ ಒಬ್ಬರದು, ಸರ್ವರ್ ನನ್ನದು, ಬಟವಾಡೆಯ ಲೆಕ್ಕ ಇನ್ನೊಬ್ಬರದು. ಮೊದಲ ಬಟವಾಡೆಯ ದಿನ ಒಬ್ಬರು ಅಜ್ಜಿ ಪಾಸ್‌ಬುಕ್ ಹಿಡಿದುಕೊಂಡು ಬಂದರು. ‘ಹೊತ್ತಿಗೆ ಐದು ಲೀಟರ್ ಹಾಕ್ತೀನಿ ಕಣಪ್ಪಾ, ಇದ್ರಲ್ಲಿ ಐದು ಅನ್ನೋದು ಎಲ್ಲೂ ಇಲ್ವಲ್ಲ’ ಅಂದರು. ನೋಡಿದರೆ ಪ್ರತಿ ಸಾಲಿನಲ್ಲೂ 4.85 ಅಂತ ಇತ್ತು.

ಕಾರಣ ಸಿಗಲು ಅರ್ಧ ದಿನ ಬೇಕಾಯಿತು. ಅಲ್ಲಿನ ತಕ್ಕಡಿ ಹಾಲನ್ನು ಕೆಜಿಯಲ್ಲಿ ತೂಗುತ್ತಿತ್ತು, ದರ ಇದ್ದದ್ದು ಲೀಟರಿಗೆ. ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಆಪ್ ಬರೆದವರು 1.03ರಿಂದ ಭಾಗಿಸಿ, ಲೀಟರ್ ಮಾಡಿ ಕಳಿಸುತ್ತಿದ್ದರು. ಬಂದಿದ್ದು ಕೆಜಿ ಅಂದುಕೊಂಡು ನಾನು ಸರ್ವರ್‌ನಲ್ಲಿ ಮತ್ತೊಮ್ಮೆ ಭಾಗಿಸುತ್ತಿದ್ದೆ. ಎಪಿಐಯಲ್ಲೂ (ಆಪ್ ಮತ್ತು ಸರ್ವರ್ ಡೇಟಾ ಕೊಟ್ಟು ತೆಗೆದುಕೊಳ್ಳುವ ದಾರಿ) ಡೇಟಾಬೇಸ್‌ನ ಟೇಬಲ್‌ನಲ್ಲೂ ಆ ಜಾಗಕ್ಕೆ ಇದ್ದ ಹೆಸರು ‘ಪ್ರಮಾಣ’. ಯಾವ ಅಳತೆಯಲ್ಲಿ ಅಂತ ಎಲ್ಲೂ ಬರೆದಿರಲಿಲ್ಲ. ದಿನಕ್ಕೆ ಎರಡು ಹೊತ್ತಿನಂತೆ 15 ದಿನಕ್ಕೆ ಅಜ್ಜಿಗೆ ನಾಲ್ಕು ಲೀಟರಿಗೂ ಜಾಸ್ತಿ ಹಾಲಿನ ದುಡ್ಡು ಕಡಿಮೆ ಬಂದಿತ್ತು. ಅವರೊಬ್ಬರಿಗಲ್ಲ, ಹಾಲು ಹಾಕಿದ ಎಲ್ಲರಿಗೂ.

ಅಲ್ಲಿಂದ ನಾನು ಕೆಲಸ ಮಾಡುವ ಕ್ರಮವೇ ಬದಲಾಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಡೈರಿಯ ಉದಾಹರಣೆಯನ್ನೇ ಹಿಡಿದುಕೊಂಡು ಹೋಗೋಣ. ನಿಮ್ಮದು ಅಂಗಡಿಯ ಬಿಲ್ ಇರಲಿ, ಆಸ್ಪತ್ರೆಯ ಟೋಕನ್ ಇರಲಿ, ಮಾಡಬೇಕಾದ ಕೆಲಸ ಇದೇ. ಸ್ಕೀಮಾ, ಅಂದರೆ ಡೇಟಾ ಯಾವ ರೂಪದಲ್ಲಿ ಇರಬೇಕು ಅಂತ ಹೇಳುವ ವಿವರಣೆ, ಅದನ್ನು ನಾನು ಅಚ್ಚು ಅಂತ ಕರೆಯುತ್ತೇನೆ, ಆಲೆಮನೆಯ ಬೆಲ್ಲದ ಅಚ್ಚಿನ ಹಾಗೆ. ಪಾಕ ಯಾವ ಕೊಪ್ಪರಿಗೆಯಿಂದ ಬಂದರೂ ಅಚ್ಚಿನಿಂದ ಏಳುವ ಬೆಲ್ಲದ ಆಕಾರ ಒಂದೇ.

ಹಂತ 1: ಕೋಡ್ ತೆರೆಯುವ ಮುಂಚೆ ಪಾಸ್‌ಬುಕ್ ತೆರೆಯಿರಿ

ಡೈರಿಯ ಸೆಕ್ರೆಟರಿ ಜೊತೆ ಒಂದು ಬೆಳಗಿನ ಹೊತ್ತು ಕೂತುಕೊಳ್ಳಿ. ಅವರು ಬಳಸುವ ಪದಗಳನ್ನೇ ಬರೆದುಕೊಳ್ಳಿ: ಉತ್ಪಾದಕರ ಸಂಖ್ಯೆ, ಹೊತ್ತು, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ, ಬಟವಾಡೆ. ಪ್ರತಿ ಪದದ ಮುಂದೆ ಒಂದೇ ಒಂದು ವಾಕ್ಯದ ಅರ್ಥ ಬರೆಯಿರಿ. ಆ ವಾಕ್ಯ ಬರೆಯಲು ಆಗದಿದ್ದರೆ ಆ ಪದ ಇನ್ನೂ ನಿಮಗೆ ಅರ್ಥವಾಗಿಲ್ಲ ಅಂತ.

ಒಂದೇ ಪದಕ್ಕೆ ಎರಡು ಮೂರು ಅರ್ಥ ಇರುವುದು ಇಲ್ಲೇ ಸಿಕ್ಕಿಬೀಳುತ್ತದೆ. ‘ದಿನಾಂಕ’ ಅಂದರೆ ಹಾಲು ಹಾಕಿದ ದಿನವೋ, ನೆಟ್‌ವರ್ಕ್ ಸಿಕ್ಕಿ ಫೋನಿನಿಂದ ಸರ್ವರ್‌ಗೆ ಬಂದ ದಿನವೋ, ದುಡ್ಡು ಕೊಟ್ಟ ದಿನವೋ? ಮೂರೂ ಬೇರೆ ಬೇರೆ. ಮೂರಕ್ಕೂ ಬೇರೆ ಹೆಸರು ಬೇಕು. ಈ ಹಾಳೆಯೇ ಮುಂದೆ ನಿಮ್ಮ ಅಚ್ಚಾಗುತ್ತದೆ, ಅದಕ್ಕೇ ಇದನ್ನು ಸುಮ್ನೆ ಬಿಸಾಡಬೇಡಿ.

ಹಂತ 2: ಸಣ್ಣ ಅಚ್ಚುಗಳನ್ನು ಮೊದಲು ಮಾಡಿ

ಹಂಚಿಕೊಂಡ ರಚನೆ ಅಂದ ತಕ್ಷಣ ಎಲ್ಲರೂ ‘ಉತ್ಪಾದಕ’, ‘ಬಟವಾಡೆ’ ಅಂತ ದೊಡ್ಡ ದೊಡ್ಡ ರಚನೆಗಳಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಉಲ್ಟಾ. ದುಡ್ಡು, ತೂಕ, ಸಮಯ, ಗುರುತು, ಹೆಸರು: ಈ ಐದು ಸಣ್ಣ ಅಚ್ಚುಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಎಪಿಐ ಮತ್ತು ಡೇಟಾಬೇಸ್ ನಿಜವಾಗಿ ಹಂಚಿಕೊಳ್ಳಬೇಕಾದ್ದು ಇವನ್ನೇ. ತಪ್ಪುಗಳು ಹುಟ್ಟುವುದೂ ಇಲ್ಲೇ.

ದುಡ್ಡನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ಫ್ಲೋಟ್ ಬೇಡ, ಅಂದರೆ ಕಂಪ್ಯೂಟರ್ ದಶಾಂಶ ಸಂಖ್ಯೆಗಳನ್ನು ಅಂದಾಜಾಗಿ ಇಡುವ ಬಗೆ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ, ನಿಮ್ಮ ಬ್ರೌಸರ್‌ನ ಕನ್ಸೋಲ್‌ನಲ್ಲೇ ಮಾಡಿ ನೋಡಿ. ಇದರ ಜೊತೆಗೆ ಇನ್ನೊಂದು ಮಾತನ್ನು ಅಚ್ಚಿನಲ್ಲೇ ಬರೆದಿಡಿ: ಪೈಸೆಯ ಚಿಲ್ಲರೆಯನ್ನು ಯಾರು, ಯಾವಾಗ ಸರಿಮಾಡಬೇಕು. ಲೀಟರಿಗೆ 36.45 ರೂಪಾಯಿಯ ಹಾಗೆ 4.37 ಲೀಟರಿಗೆ 159.2865 ರೂಪಾಯಿ. ಪ್ರತಿ ಹೊತ್ತಿಗೂ ಹತ್ತಿರದ ಪೈಸೆಗೆ ತಂದರೆ 15929 ಪೈಸೆ. 15 ದಿನ ಕೂಡಿ ಕೊನೆಗೆ ಒಂದೇ ಸಲ ಸರಿಮಾಡಿದರೆ ಬರುವ ಮೊತ್ತ ಬೇರೆ. ಎರಡೂ ತಪ್ಪಲ್ಲ. ಆದರೆ ಆಪ್ ಒಂದು ರೀತಿ, ವರದಿ ಇನ್ನೊಂದು ರೀತಿ ಮಾಡಿದರೆ ಪಾಸ್‌ಬುಕ್ಕಿಗೂ ಬ್ಯಾಂಕಿಗೂ ತಾಳೆ ಆಗುವುದಿಲ್ಲ. ನಾವು ಈಗ ಸರ್ವರ್‌ನಲ್ಲಿ ಮಾತ್ರ, ಪ್ರತಿ ನಮೂದಿಗೆ ಒಂದೇ ಸಲ ಮಾಡುತ್ತೇವೆ.

ತೂಕವನ್ನು ಗ್ರಾಂನಲ್ಲಿ ಇಡಿ, ಅಳತೆಯನ್ನು ಹೆಸರಿನೊಳಗೇ ಸೇರಿಸಿ. ‘ಪ್ರಮಾಣ’ ಅಲ್ಲ, ‘ತೂಕ_ಗ್ರಾಂ’. ತಕ್ಕಡಿ ಹೇಳಿದ್ದನ್ನು ಹೇಳಿದ ಹಾಗೇ ಇಟ್ಟುಕೊಂಡು, ಲೀಟರ್ ಲೆಕ್ಕವನ್ನು ಒಂದೇ ಕಡೆ ಮಾಡಿ, ಅದನ್ನು ‘ಹಾಲು_ಮಿಲಿ’ ಅಂತ ಬೇರೆ ಹೆಸರಿನಲ್ಲಿ ಇಡಿ. ಅಳತೆಯ ಗೊಂದಲ ನಮ್ಮಂಥ ಸಣ್ಣ ತಂಡಗಳಿಗೆ ಮಾತ್ರ ಆಗುವುದಲ್ಲ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಕಳೆದುಹೋಯಿತು. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಅದನ್ನು ಓದುತ್ತಿದ್ದ ಇನ್ನೊಂದು ನ್ಯೂಟನ್ ಲೆಕ್ಕ ಅಂದುಕೊಂಡಿತ್ತು. ಹೆಸರಿನಲ್ಲೇ ಅಳತೆ ಇದ್ದರೆ ಓದುವವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಸಮಯದ ವಿಷಯದಲ್ಲಿ ಡೈರಿ ನನಗೆ ಒಳ್ಳೆಯ ಪಾಠ ಕಲಿಸಿತು. ನಮ್ಮ ಗಡಿಯಾರ ಯುಟಿಸಿಗಿಂತ (ಇಡೀ ಜಗತ್ತಿಗೆ ಒಂದೇ ಆದ ಆಧಾರ ಸಮಯ) ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 5:20ಕ್ಕೆ ಹಾಲು ಹಾಕಿದರೆ ಯುಟಿಸಿಯಲ್ಲಿ ಅದು ಹಿಂದಿನ ದಿನ ರಾತ್ರಿ 11:50. ಯುಟಿಸಿ ಸಮಯದಿಂದ ದಿನಾಂಕ ಕತ್ತರಿಸಿಕೊಂಡರೆ ಬೇಗ ಬರುವವರ ಹಾಲೆಲ್ಲ ಹಿಂದಿನ ದಿನಕ್ಕೆ ಹೋಗಿ ಕೂರುತ್ತದೆ. ಅದಕ್ಕೆ ಎರಡು ಜಾಗ ಇಡಿ. ‘ತೂಗಿದ_ಕ್ಷಣ’ ಯುಟಿಸಿಯಲ್ಲಿ ಇರಲಿ. ‘ಹಾಕಿದ_ದಿನ’ ಬರೀ ದಿನಾಂಕ, ಡೈರಿಯ ಕ್ಯಾಲೆಂಡರ್ ಹೇಳುವ ದಿನ. ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಲು ಹೋಗಬೇಡಿ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಟೈಮ್ ಝೋನ್ ಇರುವ ಟೈಮ್‌ಸ್ಟ್ಯಾಂಪ್ ಕಾಲಮ್ ಇಟ್ಟರೆ ಝೋನ್ ಉಳಿಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಉಳಿಯುವುದಿಲ್ಲ. ಅದು ಯುಟಿಸಿಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ, ಅಷ್ಟೇ.

ಗುರುತಿನ ಸಂಖ್ಯೆಗಳು ನೋಡಲು ಸಂಖ್ಯೆ, ನಿಜದಲ್ಲಿ ಪಠ್ಯ. ಉತ್ಪಾದಕರ ಸಂಖ್ಯೆ 0042 ಅಂತಿದ್ದರೆ ಪೂರ್ಣಾಂಕವಾಗಿ ಇಟ್ಟಾಗ 42 ಆಗಿಬಿಡುತ್ತದೆ. ಫೋನ್ ನಂಬರನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ, ಅಲ್ವಾ? ಹಾಗಾದರೆ ಅದು ಪಠ್ಯವೇ. ಡೇಟಾಬೇಸ್‌ನ 64 ಬಿಟ್ ಐಡಿಯನ್ನು ಜೇಸನ್‌ನಲ್ಲಿ (ಎಪಿಐಗಳು ಡೇಟಾ ಕಳಿಸಲು ಬಳಸುವ ಪಠ್ಯರೂಪ) ಸಂಖ್ಯೆಯಾಗಿ ಕಳಿಸುವುದೂ ಅಪಾಯ. ಬ್ರೌಸರ್‌ನಲ್ಲಿ ಓಡುವ ಭಾಷೆ ಜಾವಾಸ್ಕ್ರಿಪ್ಟ್ 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ನಂಬಿಕೆಯಿಂದ ಹಿಡಿಯುತ್ತದೆ. ಇದೇ ಸಂಖ್ಯೆಯ ಕೊನೆಯಲ್ಲಿ 991ರ ಬದಲು 993 ಇರುವ ಐಡಿ ಕಳಿಸಿದರೆ ಆ ಕಡೆ 992 ಅಂತ ತೆರೆದುಕೊಳ್ಳುತ್ತದೆ, ಎರರ್ ಕೂಡ ಬರುವುದಿಲ್ಲ. ಟ್ವಿಟರ್ ಇದೇ ಕಾರಣಕ್ಕೆ ತನ್ನ ಎಪಿಐಯಲ್ಲಿ ಸಂಖ್ಯೆಯ ಐಡಿ ಪಕ್ಕದಲ್ಲೇ ಪಠ್ಯದ ಐಡಿಯನ್ನೂ ಕೊಡಬೇಕಾಯಿತು. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ನಮೂದಿನ ಐಡಿಯನ್ನು ಫೋನೇ ಹುಟ್ಟಿಸಲಿ, ಯುಯುಐಡಿ ಬಳಸಿ, ಅಂದರೆ ಬೇರೆಲ್ಲೂ ಮತ್ತೆ ಹುಟ್ಟದಷ್ಟು ಉದ್ದದ ಗುರುತು. 2024ರಲ್ಲಿ ಬಂದ ಆರ್‌ಎಫ್‌ಸಿ 9562 ಅನ್ನುವ ಇಂಟರ್ನೆಟ್ ಮಾನದಂಡದಲ್ಲಿ ಇರುವ 7ನೇ ಬಗೆ ಸಮಯದ ಕ್ರಮದಲ್ಲೇ ಹುಟ್ಟುತ್ತದೆ, ಟೇಬಲ್‌ನಲ್ಲಿ ಬೇಗ ಹುಡುಕಲು ಇಡುವ ಇಂಡೆಕ್ಸ್‌ಗೆ ಒಳ್ಳೆಯದು. ಫೋನು ಒಂದೇ ನಮೂದನ್ನು ಮೂರು ಸಲ ಕಳಿಸಿದರೂ ಐಡಿ ಒಂದೇ ಇರುವುದರಿಂದ ಟೇಬಲ್‌ನಲ್ಲಿ ಒಂದೇ ಸಾಲು ಕೂರುತ್ತದೆ.

ಇನ್ನು ಹೆಸರು. ಕನ್ನಡದಲ್ಲಿ ಹೆಸರು ಇಡುವವರು ಇದನ್ನು ಗಮನ ಕೊಟ್ಟು ಓದಿ. ‘ಕೊ’ ಅನ್ನುವುದನ್ನು ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ) ಎರಡು ರೀತಿ ಇಡಬಹುದು. ಕ ಮತ್ತು ಒಕಾರದ ಒಂದು ಚಿಹ್ನೆ, ಇದು ಒಂದು ರೀತಿ. ಕ, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ಇದು ಇನ್ನೊಂದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ‘ಕೊಪ್ಪ’ ಅಂತ ಮೊದಲ ರೀತಿ ಇಟ್ಟರೆ ಯುಟಿಎಫ್-8ರಲ್ಲಿ (ಯೂನಿಕೋಡನ್ನು ಬೈಟ್‌ಗಳಾಗಿ ಇಡುವ ರೀತಿ) 15 ಬೈಟ್, ಎರಡನೇ ರೀತಿ ಇಟ್ಟರೆ 18 ಬೈಟ್. ಕಂಪ್ಯೂಟರ್‌ಗೆ ಇವು ಬೇರೆ ಬೇರೆ ಊರು. ಆದ್ದರಿಂದ ಒಳಗೆ ಬರುವ ಪಠ್ಯವನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಮೊದಲ ರೀತಿಗೆ, ತಂದೇ ಇಡಬೇಕು ಅಂತ ಅಚ್ಚಿನಲ್ಲಿ ಬರೆಯಿರಿ. ಅಷ್ಟಕ್ಕೇ ಮುಗಿಯುವುದಿಲ್ಲ. ‘ರಾಜ್‌ಕುಮಾರ್’ ಅನ್ನುವ ಹೆಸರಿನ ನಡುವೆ ಅಕ್ಷರಗಳನ್ನು ಬಿಡಿಸಿ ಇಡುವ ಒಂದು ಕಾಣದ ಅಕ್ಷರ ಇದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹೆಸರನ್ನು ಬರೆದ ಹಾಗೇ ಇಡಿ. ಹುಡುಕಲು ಮಾತ್ರ ಆ ಕಾಣದ ಅಕ್ಷರ ತೆಗೆದ ಇನ್ನೊಂದು ಕಾಲಮ್ ಮಾಡಿಕೊಳ್ಳಿ. ಹೆಸರಿಗೆ ಮಿತಿ ಹಾಕುವಾಗ 50 ಅಂದರೆ 50 ಬೈಟೋ, 50 ಕೋಡ್ ಪಾಯಿಂಟೋ (ಯೂನಿಕೋಡ್‌ನ ಒಂದೊಂದು ಚಿಹ್ನೆ) ಅಂತಲೂ ಹೇಳಿ. ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ ಮೂರು ಬೈಟ್ ಬೇಕು. 50 ಬೈಟ್ ಅಂದರೆ ತಂದೆಯ ಹೆಸರು ಸೇರಿಸುವಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಹಂತ 3: ಅಚ್ಚನ್ನು ಒಂದೇ ಫೈಲಿನಲ್ಲಿ ಬರೆಯಿರಿ

ಈಗ ಸಾಧನ ಆರಿಸಿಕೊಳ್ಳಿ. ನಿಮ್ಮ ಎಪಿಐ ಬಳಸುವವರು ಹೆಚ್ಚಾಗಿ ಬ್ರೌಸರ್, ಹೊರಗಿನ ಕಂಪನಿಗಳು ಅಂದರೆ ಓಪನ್‌ಎಪಿಐ ಸಾಕು, ಅದು ಎಪಿಐಯನ್ನು ವಿವರಿಸಿ ಬರೆಯುವ ಮಾದರಿ. 2021ರಲ್ಲಿ ಬಂದ 3.1 ಆವೃತ್ತಿಯಿಂದ ಅದು ಜೇಸನ್ ಡೇಟಾದ ಅಚ್ಚು ಬರೆಯುವ ಜೇಸನ್ ಸ್ಕೀಮಾ ಜೊತೆ ಪೂರ್ತಿ ಹೊಂದಿಕೊಂಡಿದೆ, ಒಂದೇ ವಿವರಣೆಯನ್ನು ಎರಡೂ ಕಡೆ ಬಳಸಬಹುದು. ಕಾಫ್ಕಾ (ಸಂದೇಶಗಳನ್ನು ಸಾಲಾಗಿ ಸಾಗಿಸಿ ಇಡುವ ವ್ಯವಸ್ಥೆ) ಅಥವಾ ದೊಡ್ಡ ದೊಡ್ಡ ಫೈಲುಗಳಲ್ಲಿ ಹಳೆಯ ದಾಖಲೆ ವರ್ಷಗಟ್ಟಲೆ ಇರುವುದಾದರೆ ಆವ್ರೋ ಅನ್ನುವ ಡೇಟಾ ರೂಪ ನೋಡಿ. ಆವ್ರೋ ಫೈಲಿನ ತಲೆಯಲ್ಲೇ ಅದರ ಸ್ಕೀಮಾ ಕೂತಿರುತ್ತದೆ. ನಾನು ಡೈರಿಗೆ ಆರಿಸಿದ್ದು ಪ್ರೋಟೋಕಾಲ್ ಬಫರ್ಸ್, ಚಿಕ್ಕದಾಗಿ ಪ್ರೋಟೋಬಫ್, ಗೂಗಲ್ 2008ರಲ್ಲಿ ಹೊರಗೆ ಬಿಟ್ಟದ್ದು. ಅದರಲ್ಲಿ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಡಲೇಬೇಕು. ಆ ಒತ್ತಾಯವೇ ನನಗೆ ಇಷ್ಟ. ಸಂಖ್ಯೆ ಕೊಡುವಾಗ ಮನುಷ್ಯ ಒಂದು ಕ್ಷಣ ನಿಂತು ಯೋಚಿಸುತ್ತಾನೆ.

ನಮ್ಮ ಅಚ್ಚು ಹೀಗಿದೆ. ಓದಲು ಸುಲಭ ಆಗಲಿ ಅಂತ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಪ್ರೋಟೋಬಫ್ ಫೈಲಿನಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಅಚ್ಚು: ಹಾಲಿನ_ನಮೂದು
1 – ನಮೂದು_ಐಡಿ – ಪಠ್ಯ, ಯುಯುಐಡಿ
2 – ಉತ್ಪಾದಕ_ಸಂಖ್ಯೆ – ಪಠ್ಯ
3 – ಹಾಕಿದ_ದಿನ – ದಿನಾಂಕ
4 – ಹೊತ್ತು – 0 ಹೇಳಿಲ್ಲ, 1 ಬೆಳಿಗ್ಗೆ, 2 ಸಂಜೆ
5 – ಮೀಸಲು, ಹಿಂದೆ ‘ಪ್ರಮಾಣ’ ಇತ್ತು
6 – ತೂಕ_ಗ್ರಾಂ – ಪೂರ್ಣಾಂಕ
7 – ಹಾಲು_ಮಿಲಿ – ಪೂರ್ಣಾಂಕ, ಸರ್ವರ್ ಮಾತ್ರ ತುಂಬುತ್ತದೆ
8 – ಫ್ಯಾಟ್_ಶೇಕಡಾದ_ನೂರನೇ_ಭಾಗ – ಪೂರ್ಣಾಂಕ, ಇಲ್ಲದೆಯೂ ಇರಬಹುದು
9 – ದರ_ಪೈಸೆ_ಲೀಟರಿಗೆ – ಪೂರ್ಣಾಂಕ
10 – ತೂಗಿದ_ಕ್ಷಣ – ಯುಟಿಸಿ ಸಮಯ

ನಾಲ್ಕನೇ ಸಾಲು ನೋಡಿ. ಬೆಳಿಗ್ಗೆಗೆ 0 ಕೊಡಲಿಲ್ಲ. ಪ್ರೋಟೋಬಫ್‌ನ ಮೂರನೇ ಆವೃತ್ತಿಯಲ್ಲಿ ಬರದೇ ಇದ್ದ ಆಯ್ಕೆ 0 ಅಂತಲೇ ಓದಿಸಿಕೊಳ್ಳುತ್ತದೆ. ಬೆಳಿಗ್ಗೆ ಅಂದರೆ 0 ಆಗಿದ್ದರೆ, ಹೊತ್ತು ತುಂಬಲು ಮರೆತ ನಮೂದೆಲ್ಲ ಬೆಳಗಿನ ಹಾಲಾಗುತ್ತಿತ್ತು. ಎಂಟನೇ ಸಾಲಿನಲ್ಲೂ ಇದೇ ಎಚ್ಚರ. ಫ್ಯಾಟ್ 4.1 ಅಂದರೆ 410 ಅಂತ ಬರೆಯುತ್ತೇವೆ. ಮಿಷನ್ ಕೆಟ್ಟು ಪರೀಕ್ಷೆಯೇ ಆಗಿಲ್ಲ ಅಂದರೆ ಅದು 0 ಅಲ್ಲ, ‘ಇಲ್ಲ’. ಅಚ್ಚಿನಲ್ಲಿ ಅದಕ್ಕೆ ಆಪ್ಷನಲ್ ಅಂತ ಗುರುತು ಹಾಕಿ, ಟೇಬಲ್‌ನಲ್ಲಿ ನಲ್ (ಖಾಲಿ) ಬಿಡಿ. ಇಲ್ಲದಿದ್ದರೆ ಮಿಷನ್ ಕೆಟ್ಟ ದಿನ ಇಡೀ ಊರಿನ ಹಾಲು ನೀರು ಅಂತ ವರದಿ ಬರುತ್ತದೆ.

ಒಂದು ಸಣ್ಣ ಉಪಯೋಗದ ವಿಷಯ. 1ರಿಂದ 15ರವರೆಗಿನ ಸಂಖ್ಯೆಗಳ ಗುರುತಿಗೆ ಒಂದೇ ಬೈಟ್ ಸಾಕು, 16ರಿಂದ 2047ರವರೆಗೆ ಎರಡು ಬೈಟ್ ಬೇಕು. ಪ್ರತಿ ನಮೂದಿನಲ್ಲೂ ಬರುವಂಥವಕ್ಕೆ ಸಣ್ಣ ಸಂಖ್ಯೆ ಕೊಡಿ.

ಈ ಫೈಲು ಆಪ್‌ನವರದಲ್ಲ, ಸರ್ವರ್‌ನವರದೂ ಅಲ್ಲ. ಬೇರೆ ರೆಪೊಸಿಟರಿಯಲ್ಲಿ (ಕೋಡ್ ಇಡುವ ಕಣಜ) ಇಡಿ. ಬದಲಾಯಿಸಬೇಕಾದರೆ ಎರಡೂ ಕಡೆಯವರು ನೋಡಿ ಒಪ್ಪಬೇಕು.

ಹಂತ 4: ಟೇಬಲನ್ನೇ ಎಪಿಐ ಮಾಡಬೇಡಿ

ಅಚ್ಚು ಒಂದೇ ಅಂದ ಮೇಲೆ ಟೇಬಲಿನ ಸಾಲನ್ನು ಹಾಗೇ ಎತ್ತಿ ಎಪಿಐಯಲ್ಲಿ ಕಳಿಸಿದರಾಯಿತಲ್ಲ ಅನ್ನಿಸಬಹುದು. ದಯವಿಟ್ಟು ಬೇಡ. ಉತ್ಪಾದಕರ ಟೇಬಲ್‌ನಲ್ಲಿ ಬ್ಯಾಂಕ್ ಖಾತೆ ಇರುತ್ತದೆ, ಕೆಲವು ಕಡೆ ಆಧಾರ್ ಸಂಖ್ಯೆಯೂ ಇರುತ್ತದೆ. ಆಪ್ ಕೇಳಿದ್ದು ಹೆಸರು ಮತ್ತು ಸಂಖ್ಯೆ ಮಾತ್ರ. ಇಡೀ ಸಾಲು ಹೋದರೆ ಪರದೆ ಮೇಲೆ ಕಾಣದಿದ್ದರೂ ಫೋನಿನೊಳಗೆ ಎಲ್ಲವೂ ಹೋಗಿ ಕೂತಿರುತ್ತದೆ. ನಾಳೆ ಟೇಬಲ್‌ಗೆ ಯಾರಾದರೂ ಹೊಸ ಕಾಲಮ್ ಸೇರಿಸಿದರೆ ಅದೂ ಹೇಳದೆ ಕೇಳದೆ ಹೊರಗೆ ಹೋಗುತ್ತದೆ.

ಅದಕ್ಕೆ ಮೂರು ಪದರ ಮಾಡಿಕೊಳ್ಳಿ. ನಡುವೆ ಹಾಲಿನ_ನಮೂದು, ಎಲ್ಲರೂ ಒಪ್ಪಿದ್ದು. ಎಪಿಐ ಕಡೆ ಅದಕ್ಕೆ ಪುಟದ ಸಂಖ್ಯೆ, ಎರರ್ ಸಂದೇಶ ಇಂಥವು ಸುತ್ತಿಕೊಳ್ಳುತ್ತವೆ. ಡೇಟಾಬೇಸ್ ಕಡೆ ಯಾರು ತುಂಬಿದರು, ಯಾವಾಗ ಬಂತು, ರದ್ದಾಗಿದೆಯೋ ಇಲ್ಲವೋ ಅನ್ನುವ ಕಾಲಮ್‌ಗಳು. ಒಂದು ಪದರದಿಂದ ಇನ್ನೊಂದಕ್ಕೆ ದಾಟಿಸಲು ಎರಡು ಸಣ್ಣ ಫಂಕ್ಷನ್ ಬರೆಯಿರಿ. ಬರೆಯಲು ಬೇಜಾರು ಅನ್ನಿಸುವ ಕೋಡ್ ಇದು, ನಿಜ. ಆದರೆ ಹೊರಗೆ ಹೋಗುವ ಪ್ರತಿ ಜಾಗವನ್ನೂ ಕೈಯಾರೆ ಹೆಸರು ಹಿಡಿದು ಕಳಿಸುವುದರಿಂದ ಕಳಿಸಬಾರದ್ದು ಹೋಗುವುದಿಲ್ಲ.

ಪೂರ್ತಿ ನಮೂದನ್ನು ಜೇಸನ್ ಆಗಿ ಒಂದೇ ಕಾಲಮ್‌ನಲ್ಲಿ ತುಂಬಬೇಕೋ, ಬಿಡಿಬಿಡಿ ಕಾಲಮ್ ಮಾಡಬೇಕೋ? ಹುಡುಕುವ, ಕೂಡುವ, ಸಾಲಾಗಿ ಜೋಡಿಸುವ ಜಾಗಗಳೆಲ್ಲ ಬೇರೆ ಕಾಲಮ್ ಆಗಲಿ. ಉಳಿದದ್ದು ಜೇಸನ್‌ನಲ್ಲಿ ಇರಲಿ. ತೂಕ_ಗ್ರಾಂ ಸೊನ್ನೆಗಿಂತ ಜಾಸ್ತಿ ಇರಬೇಕು ಅನ್ನುವಂಥ ನಿಯಮವನ್ನು ಎಪಿಐಯಲ್ಲಿ ನೋಡಿದರೂ, ಟೇಬಲ್‌ನಲ್ಲಿ ಚೆಕ್ ಹಾಕಿ ಇನ್ನೊಮ್ಮೆ ನೋಡಿ. ರಾತ್ರಿ ಹನ್ನೊಂದಕ್ಕೆ ಅವಸರದಲ್ಲಿ ಓಡಿಸುವ ಸ್ಕ್ರಿಪ್ಟ್ ಎಪಿಐ ಮೂಲಕ ಬರುವುದಿಲ್ಲ, ನೇರ ಟೇಬಲ್‌ಗೆ ಬರುತ್ತದೆ.

ಹಂತ 5: ಬದಲಾಯಿಸುವ ನಿಯಮ ಮೊದಲೇ ಬರೆದಿಡಿ

ಹೊಸ ಜಾಗ ಸೇರಿಸಬಹುದು. ಹಳೆಯದನ್ನು ತೆಗೆಯಬೇಕಾದರೆ ಅದರ ಸಂಖ್ಯೆಯನ್ನೂ ಹೆಸರನ್ನೂ ಮೀಸಲು ಮಾಡಿ, ಮೇಲಿನ ಐದನೇ ಸಾಲಿನ ಹಾಗೆ. ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಲೇಬೇಡಿ. ಹಳ್ಳಿಯ ಫೋನುಗಳಲ್ಲಿ ಆಪ್ ತಿಂಗಳುಗಟ್ಟಲೆ ಅಪ್‌ಡೇಟ್ ಆಗುವುದಿಲ್ಲ. ಹಳೆಯ ಆಪ್ 5ರಲ್ಲಿ ಲೀಟರ್ ಕಳಿಸುತ್ತಲೇ ಇರುತ್ತದೆ. ಅಲ್ಲಿ ನೀವು ದರ ಇಟ್ಟಿದ್ದರೆ ಏನಾಗುತ್ತದೆ ಅಂತ ಯೋಚಿಸಿ. ಹೆಸರು ಬದಲಾಯಿಸುವುದು ಪ್ರೋಟೋಬಫ್‌ನ ಬೈನರಿ ರೂಪದಲ್ಲಿ ಪರವಾಗಿಲ್ಲ, ಅಲ್ಲಿ ಹೋಗುವುದು ಸಂಖ್ಯೆ ಮಾತ್ರ. ಅದೇ ಅಚ್ಚನ್ನು ಜೇಸನ್ ಆಗಿ ಕಳಿಸುತ್ತಿದ್ದರೆ ಹೆಸರು ಬದಲಾದ ಕೂಡಲೇ ಆ ಕಡೆ ಮುರಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಹೆಸರು, ಸಂಖ್ಯೆ, ಬಗೆ ಎಲ್ಲ ಹಾಗೇ ಇಟ್ಟು ಅರ್ಥ ಬದಲಾಯಿಸುವುದು. ಅದನ್ನು ಯಾವ ಟೂಲೂ ಹಿಡಿಯುವುದಿಲ್ಲ. ನಾವು ‘ಪ್ರಮಾಣ’ವನ್ನು ಇನ್ನು ಮುಂದೆ ಗ್ರಾಂ ಅಂತ ಓದೋಣ ಅಂತ ತೀರ್ಮಾನಿಸಬಹುದಿತ್ತು. ಮಾಡಲಿಲ್ಲ. ತೂಕ_ಗ್ರಾಂ ಅಂತ ಹೊಸದನ್ನು ಸೇರಿಸಿದೆವು. ಹೊಸ ಆಪ್ ಸ್ವಲ್ಪ ಕಾಲ ಎರಡನ್ನೂ ಕಳಿಸಿತು. ಹಳೆಯ ಸಾಲುಗಳಿಗೆ ರಾತ್ರಿ ಹೊತ್ತು ಲೆಕ್ಕ ಮಾಡಿ ಹೊಸದನ್ನು ತುಂಬಿದೆವು. ಆಮೇಲೆ ವರದಿಯನ್ನು ಹೊಸದರಿಂದ ಓದಿಸಿದೆವು. ಹಳೆಯ ಆಪ್‌ನಿಂದ ಒಂದೂ ನಮೂದು ಬರುತ್ತಿಲ್ಲ ಅಂತ ಲಾಗ್ ನೋಡಿ ಖಚಿತವಾದ ಮೇಲೆ 5ನ್ನು ಮೀಸಲು ಮಾಡಿದೆವು. ನಿಧಾನ ಅನ್ನಿಸಬಹುದು, ಆದರೆ ಈ ಕ್ರಮದಲ್ಲಿ ಎಲ್ಲಿ ತಪ್ಪಿದರೂ ಒಂದು ಹೆಜ್ಜೆ ಹಿಂದೆ ಬರಬಹುದು.

ಊರಿನ ಹೆಸರುಗಳೂ ಹೀಗೇ ಕೈಕೊಡುತ್ತವೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಜಿಲ್ಲೆಯ ಹೆಸರನ್ನು ಪ್ರತಿ ನಮೂದಿನಲ್ಲೂ ಬರೆದಿಟ್ಟವರು ಏನು ಮಾಡಬೇಕು? ಸಾಲಿನಲ್ಲಿ ಹಳ್ಳಿಯ ಕೋಡ್ ಮಾತ್ರ ಇಡಿ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿಯಲ್ಲಿ ಹಳ್ಳಿಗಳಿಗೆ ಕೋಡ್ ಸಿಗುತ್ತದೆ. ಆ ಹಳ್ಳಿ ಯಾವಾಗ ಯಾವ ಜಿಲ್ಲೆಯಲ್ಲಿತ್ತು ಅನ್ನುವುದು ಇನ್ನೊಂದು ಟೇಬಲ್‌ನಲ್ಲಿ, ತಾರೀಖಿನ ಜೊತೆ ಇರಲಿ.

ಹಂತ 6: ಮಾದರಿ ನಮೂದುಗಳ ಒಂದು ಫೋಲ್ಡರ್ ಇಡಿ

ಅಚ್ಚಿನ ಫೈಲಿನ ಪಕ್ಕದಲ್ಲೇ ಇಪ್ಪತ್ತು ಮೂವತ್ತು ನಮೂದುಗಳನ್ನು ಫೈಲುಗಳಾಗಿ ಇಡಿ. ನಿಜವಾದ ಜನರ ಹೆಸರು ಬೇಡ, ಆಕಾರ ಮಾತ್ರ ನಿಜದ್ದಿರಲಿ. ನಮ್ಮ ಫೋಲ್ಡರ್‌ನಲ್ಲಿ ಬೆಳಿಗ್ಗೆ 5:20ರ ನಮೂದು ಇದೆ. ಫ್ಯಾಟ್ ಇಲ್ಲದ್ದು ಇದೆ. ಎರಡೂ ರೀತಿ ಬರೆದ ‘ಕೊಪ್ಪ’ ಇದೆ, ನಡುವೆ ಕಾಣದ ಅಕ್ಷರ ಇರುವ ಹೆಸರಿದೆ, 0042 ಇದೆ. ಹಳೆಯ ಆಪ್ ಕಳಿಸಿದ ರೀತಿಯದ್ದೂ ಒಂದಿದೆ.

ಯಾರಾದರೂ ಅಚ್ಚು ಮುಟ್ಟಿದರೆ ಸಿಐಯಲ್ಲಿ (ಕೋಡ್ ಬದಲಾದಾಗಲೆಲ್ಲ ಪರೀಕ್ಷೆ ಓಡಿಸುವ ವ್ಯವಸ್ಥೆ) ಮೂರು ಕೆಲಸ ತಾವಾಗಿಯೇ ನಡೆಯುತ್ತವೆ. ಬಫ್ ಅನ್ನುವ ಟೂಲ್ ಹಳೆಯ ಅಚ್ಚಿಗೂ ಹೊಸದಕ್ಕೂ ಹೋಲಿಸಿ, ಮುರಿಯುವ ಬದಲಾವಣೆ ಇದ್ದರೆ ತಡೆಯುತ್ತದೆ. ಹೊಸ ಕೋಡ್ ಫೋಲ್ಡರಿನ ಹಳೆಯ ನಮೂದುಗಳನ್ನೆಲ್ಲ ಓದುತ್ತದೆ. ಹಿಂದಿನ ಬಿಡುಗಡೆಯ ಕೋಡ್ ಹೊಸ ನಮೂದುಗಳನ್ನು ಓದುತ್ತದೆ. ಈ ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ಹಳ್ಳಿಯ ಫೋನಿನಲ್ಲಿ ಇರುವುದು ಹಿಂದಿನ ಬಿಡುಗಡೆಯೇ ಆದ್ದರಿಂದ ನಮಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಕೊನೆಗೆ ಪ್ರತಿ ನಮೂದನ್ನೂ ಒಂದು ಪೂರ್ತಿ ಸುತ್ತು ಹಾಕಿಸಿ: ಎಪಿಐಯಿಂದ ಒಳಗೆ, ಟೇಬಲ್‌ಗೆ, ಟೇಬಲ್‌ನಿಂದ ಮತ್ತೆ ಎಪಿಐಗೆ. ಹೋದದ್ದೇ ವಾಪಸ್ ಬರಬೇಕು. ಸರ್ವರ್ ತುಂಬುವ ಹಾಲು_ಮಿಲಿ ಒಂದು ಬಿಟ್ಟು, ಎನ್‌ಎಫ್‌ಸಿಗೆ ತಂದ ಪಠ್ಯ ಇನ್ನೊಂದು ಬಿಟ್ಟು. ಆ ಫೋಲ್ಡರಿನ ಮೊದಲ ಫೈಲು 5150 ಗ್ರಾಂನ ನಮೂದು. ಅದು ಹೊರಗೆ ಬರುವಾಗ ಹಾಲು_ಮಿಲಿ 5000 ಇರಲೇಬೇಕು. 4854 ಬಂದರೆ ಯಾರೋ ಎರಡು ಸಲ ಭಾಗಿಸಿದ್ದಾರೆ ಅಂತ ಅರ್ಥ. ಆ ಫೈಲಿಗೆ ನಾವು ಅಜ್ಜಿ ಅಂತಲೇ ಹೆಸರಿಟ್ಟಿದ್ದೇವೆ.